ಬಜಪೆ ರಸ್ತೆಯ ಎಡಬದಿಯ ಮರಗಳು

ಬೆಳಗಿನ ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿದೆ. ಮಂಗಳೂರಿನ ಅಂಚಿನ ಗುಡ್ಡದ ಮೇಲಿರುವ ಸಣ್ಣದೊಂದು ಸಸ್ಯ ಸಂಶೋಧನಾ ಕೇಂದ್ರದ ಗೇಟು ಕಿರುಗುಟ್ಟುತ್ತಾ ತೆರೆದುಕೊಳ್ಳುತ್ತದೆ. ಆಶಾಲತಾ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಕಾರಿಡಾರಿನ ಕೊನೆಯ ಕೋಣೆಯವರೆಗೆ ನಡೆಯುತ್ತಾರೆ. ಬೀಗ ತೆಗೆಯುವ ಮೊದಲು ಬಾಗಿಲನ್ನು ಮೆತ್ತಗೆ ತಟ್ಟುತ್ತಾರೆ. ಒಳಗೆ ಯಾರೂ ಇಲ್ಲ. ಇರುವುದು ಕಪಾಟಿನಷ್ಟು ಎತ್ತರದ ಕಂಪ್ಯೂಟರು, ಎಲೆಗಳನ್ನಿಟ್ಟ ಡೀಪ್ ಫ್ರೀಜರ್, ತೊಟ್ಟಿಕ್ಕುವ ಎ.ಸಿ., ಅದರ ಕೆಳಗೊಂದು ಬಕೆಟ್. ಆದರೂ ತಟ್ಟುತ್ತಾರೆ, ಉತ್ತರಕ್ಕೆ ಕಾದವರಂತೆ ಒಂದು ಗಳಿಗೆ ನಿಲ್ಲುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ.

"ಮೊದಲು ಇಂಥದ್ದೆಲ್ಲ ಇರಲಿಲ್ಲ," ಎಂದು ಅವರೇ ನಗುತ್ತಾರೆ. "ಆ ಮರದ ವಿಷಯ ಆದ ಮೇಲೆ ಶುರುವಾದದ್ದು. ರಾತ್ರಿಯಿಡೀ ಒಳಗೆ ಯಾರೋ ಕೂತು ಕೆಲಸ ಮಾಡ್ತಾ ಇದ್ದಾರೆ ಅಂತ ಅನಿಸ್ತದೆ. ಸೀದಾ ನುಗ್ಗುವುದು ಮರ್ಯಾದೆ ಅಲ್ಲ, ಅಲ್ವಾ?"

ಪರದೆ ಬೆಳಗುತ್ತದೆ. ಸಂಜೆ ಹೊರಡುವಾಗ ಅವರು ಹಚ್ಚಿಟ್ಟುಹೋದ ಕೆಲಸ ಇನ್ನೂ ನಡೆಯುತ್ತಿದೆ. ಒಂದೊಂದೇ ಎಲೆಯ ಹೆಸರು ಮೇಲಕ್ಕೆ ಸರಿದು ಮಾಯವಾಗುತ್ತದೆ. ಇಂದಿನ ಕಂತಿನಲ್ಲಿ ಹಲವಾರು ಎಲೆಗಳಿವೆ. ಆಶಾಲತಾ ಕಾಯುತ್ತಿರುವುದು ಮಾತ್ರ ಒಂದೇ ಒಂದಕ್ಕೆ. ಕುದ್ರೋಳಿಯ ಫ್ಲ್ಯಾಟೊಂದರ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ಬೆಳೆದಿರುವ, ಮೊಣಕಾಲೆತ್ತರದ ಮಾವಿನ ಸಸಿಯ ಎಲೆ ಅದು. ಅಲ್ಲಿಯ ಎಪ್ಪತ್ತು ದಾಟಿದ ಹಲೀಮಾ ಅವರಿಗೆ ಆಶಾಲತಾ ಒಂದು ಮಾತು ಕೊಟ್ಟಿದ್ದಾರೆ. ಸಸಿ ಯಾವುದೆಂದು ಗೊತ್ತಾದ ಕೂಡಲೇ ಫೋನ್ ಮಾಡಬೇಕು, ಹೊತ್ತು ನೋಡಬಾರದು.

ಕುಲಶೇಖರದ ಅವರ ಮನೆಯ ಆಸುಪಾಸಿನವರಿಗೆ ಆಶಾಲತಾ ಮಾಡುವ ಕೆಲಸ ಏನೆಂದು ಇವತ್ತಿಗೂ ತಿಳಿದಿಲ್ಲ. ಪೈಪ್‌ಲೈನ್ ಹಾಕುವವರು ಎಂದಷ್ಟೇ ಗೊತ್ತು. ಹಾಗಾಗಿ ಬೇಸಿಗೆಯಲ್ಲಿ ನಳ್ಳಿ ಒಣಗಿದರೆ ಮೊದಲು ಬರುವುದು ಇವರ ಮನೆಯ ಬಾಗಿಲಿಗೆ. "ನೀರು ಯಾವಾಗ ಬಿಡ್ತಾರೆ ಮೇಡಂ ಅಂತ ಕೇಳ್ತಾರೆ. ನನ್ನ ಪೈಪಿನಲ್ಲಿ ನೀರು ಬರುವುದಿಲ್ಲ ಮಾರಾಯ್ರೆ ಅಂತ ಹೇಳಿ ಹೇಳಿ ಸಾಕಾಯ್ತು. ಈಗ ನಾಳೆ ಬರ್ತದೆ ಅಂತ ಹೇಳಿಬಿಡ್ತೇನೆ."

ಅವರ ಪೈಪ್‌ಲೈನಿನಲ್ಲಿ ಹರಿಯುವುದು ಗಿಡಗಳ ಒಳಗಿನ ಬರಹ. ಎಲೆಯಿಂದ ತೆಗೆದ ಡಿಎನ್‌ಎಯನ್ನು ದೊಡ್ಡ ಊರಿನ ಪ್ರಯೋಗಾಲಯದವರು ಓದಿ ಕಳಿಸುತ್ತಾರೆ. ಬರುವುದು ಇಡೀ ಪುಸ್ತಕವಲ್ಲ, ಕೋಟಿಗಟ್ಟಲೆ ಹರಿದ ಚೂರುಗಳು. ಕೆಟ್ಟ ಚೂರುಗಳನ್ನು ಆರಿಸಿ ತೆಗೆಯಬೇಕು. ಉಳಿದವನ್ನು, ಈಗಾಗಲೇ ಪೂರ್ತಿ ಓದಿಟ್ಟ ಮಾವಿನ ಮಾದರಿ ಪ್ರತಿಯ ಮೇಲೆ ಅದರದರ ಜಾಗದಲ್ಲಿ ಕೂರಿಸಬೇಕು. ಎಲ್ಲಿ ಅಕ್ಷರ ಬೇರೆಯಾಗಿದೆ ಎಂದು ಗುರುತು ಹಾಕಬೇಕು. ಆ ಗುರುತು ನಿಜವೋ, ಓದಿದವರ ತಪ್ಪೋ ಎಂದು ಜರಡಿ ಹಿಡಿಯಬೇಕು. ಕೊನೆಗೆ ಉಳಿಯುವ ಆ ಬೇರೆ ಅಕ್ಷರಗಳೇ ಒಂದು ಮರವನ್ನು ಇನ್ನೊಂದು ಮರದಿಂದ ಬೇರೆ ಮಾಡುವುದು. ಹಣ್ಣಿನ ಹುಳಿ, ನಾರು, ಪರಿಮಳ, ರೋಗ ತಾಳುವ ಶಕ್ತಿ ಎಲ್ಲದರ ಸುಳಿವು ಇರುವುದೂ ಅಲ್ಲೇ.

ಈ ಕೆಲಸವನ್ನು ಕೇಂದ್ರದಲ್ಲಿ ಮೊದಲೂ ಮಾಡುತ್ತಿದ್ದರು, ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಬಗೆಯಲ್ಲಿ. ಒಂದೇ ಮದುವೆಗೆ ನಾಲ್ಕು ಮಂದಿ ಅಡುಗೆಯವರನ್ನು ಕರೆದಂತೆ. ಸಾರು ಎಲ್ಲರದ್ದೂ ಸಾರೇ, ರುಚಿ ಮಾತ್ರ ಒಂದಕ್ಕೊಂದು ತಾಳೆಯಿಲ್ಲ. ಓದು ಮುಗಿಸಿ ಅವರು ಹೊರಟುಹೋದ ಮೇಲೆ ಅವರು ಬರೆದಿಟ್ಟ ಕಂಪ್ಯೂಟರ್ ಆಜ್ಞೆಗಳು ಬೇರೆಯವರ ಕೈಯಲ್ಲಿ ಓಡುತ್ತಲೇ ಇರಲಿಲ್ಲ. ಇದನ್ನೆಲ್ಲ ಕಿತ್ತುಹಾಕಿ, ಯಾರು ಬಂದರೂ ಯಾವ ಗಿಡ ತಂದರೂ ನಡೆಯುವ ಒಂದೇ ದಾರಿ, ಅಂದರೆ ಈ ಪೈಪ್‌ಲೈನ್, ಕಟ್ಟಿದ್ದು ಆಶಾಲತಾ. ಎಲೆಗಳ ಪಟ್ಟಿ ಕೊಡಿ, ಆ ಗಿಡದ ಮಾದರಿ ಪ್ರತಿ ಕೊಡಿ, ಉಳಿದದ್ದು ತಾನಾಗಿ ಸಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತದೆ. ಮಾವಿಗೆಂದು ಮಾಡಿದ್ದು ಈಗ ಕಾಳುಮೆಣಸಿಗೂ ಭತ್ತಕ್ಕೂ ಆಗುತ್ತಿದೆ.

ಆಶಾಲತಾ ಕಂಪ್ಯೂಟರ್ ಕಲಿತವರಲ್ಲ. ಒಂದು ಕಾಲಕ್ಕೆ ಗದ್ದೆ ತೋಟ ಇದ್ದ ಬಂಟರ ಮನೆಯಲ್ಲಿ ಹುಟ್ಟಿ, ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಗಂಡನ ಹೋಟೆಲ್ ಕೆಲಸದ ಹಿಂದೆ ಮುಂಬೈಗೆ ಹೋಗಿ, ವಾಪಸು ಬಂದು, ಈ ಕೇಂದ್ರಕ್ಕೆ ಟೈಪ್ ಮಾಡಲು ಸೇರಿದವರು. ಬಿಟ್ಟುಹೋದ ಹುಡುಗರ ಆಜ್ಞೆಗಳನ್ನು ಒಂದೊಂದೇ ಸಾಲು ಓದುತ್ತಾ, ಓಡಿಸುತ್ತಾ, ಕೆಡಿಸುತ್ತಾ ಕಲಿತರು. ನೌಕರಿ ಇವತ್ತಿಗೂ ಹನ್ನೊಂದು ತಿಂಗಳ ಗುತ್ತಿಗೆಯದ್ದು. ಪ್ರಬಂಧಗಳು ಅಚ್ಚಾದಾಗ ಇವರ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ವಿದ್ಯುತ್ ಇಲಾಖೆಯ ಪಕ್ಕದಲ್ಲಿ ಬರುತ್ತದೆ.

ಮಾವಿನ ಯೋಜನೆ ಹುಟ್ಟಿಕೊಂಡಿದ್ದು ರಸ್ತೆ ಅಗಲವಾಗುತ್ತಿದೆ ಎಂಬ ಸುದ್ದಿಯಿಂದ. ನಗರದಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ದಾರಿಗಳಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಕಾಟು ಮಾವಿನ ಮರಗಳು ನೂರಾರು. ಕೊಡಲಿ ಬೀಳುವ ಮೊದಲು ಒಂದೊಂದರಿಂದ ನಾಲ್ಕು ಎಲೆ ತಂದು ಕಾಪಿಡುವುದು ಕೆಲಸ. ತರುವವರು ವಾಲ್ಟರ್, ಕೇಂದ್ರದ ಜೀಪಿನ ಚಾಲಕರು. ಮೊದಲ ಮರ ಮಾತ್ರ ರಸ್ತೆಯದಲ್ಲ, ಕುದ್ರೋಳಿಯ ಹಲೀಮಾ ಅವರ ಹಿತ್ತಿಲಿನದು. ಹಳೆ ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತಾರೆಂದು ಗೊತ್ತಾಗಿ ಆಶಾಲತಾ ತಾವೇ ಹೋಗಿದ್ದರು. ಎಲೆ ಮುರಿದಾಗ ಕರ್ಪೂರಕ್ಕೆ ಹಸಿಶುಂಠಿ ತಿಕ್ಕಿದಂಥ ಒಂದು ವಾಸನೆ ಬಂದದ್ದು ಅವರಿಗೆ ನೆನಪಿದೆ. ಮಳೆ ಹಿಡಿಯುವ ಮೊದಲೇ ಆ ಮರ ಉರುಳಿತು. ಬೇರು ಕಿತ್ತ ಗುಂಡಿಗೆ ಕಾಂಕ್ರೀಟ್ ಬಿತ್ತು.

ಅದಾಗಿ ಮೂರು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು, ಅಥವಾ ಹಾಗೆ ಕಂಡಿತು. ಕೇರಳ ಮತ್ತು ಗೋವಾದ ಕೇಂದ್ರಗಳು ಈ ಪೈಪ್‌ಲೈನನ್ನು ತಮಗೂ ಕೊಡಿ ಎಂದು ಕೇಳಿದವು. ಕೊಡುವ ಮೊದಲು ಮನೆ ಗುಡಿಸಿದಂತೆ ಎಲ್ಲ ಮೂಲೆ ನೋಡೋಣವೆಂದು ಆಶಾಲತಾ ಒಂದು ಬೆಳಗ್ಗೆ ಕೂತರು. ಪೈಪ್‌ಲೈನ್ ಬೇಡವೆಂದು ಎಸೆದ ಎಲೆಗಳ ದಾಖಲೆ ಹೋಗಿ ಬೀಳುವ ಕಸದ ಮೂಲೆಯೊಂದು ಕಂಪ್ಯೂಟರಿನಲ್ಲಿದೆ. ಅಲ್ಲಿ ಯಾರೂ ಇಣುಕುವುದಿಲ್ಲ. ಇಣುಕಿದರು. ಹಾಳಾದ ಎಲೆಗಳ ನಡುವೆ ಐದು ಎಲೆಗಳು ಹಾಳಾಗಿರಲಿಲ್ಲ. ಶುದ್ಧವಾಗಿದ್ದವು. ಐದನ್ನೂ ಪೈಪ್‌ಲೈನ್ ಎಸೆದದ್ದು ಒಂದೇ ಕಾರಣಕ್ಕೆ: ಇವು ಬೇರೆ ಮರಗಳಲ್ಲ, ಒಂದನೇ ಮರವೇ.

ಒಂದನೇ ಮರವೆಂದರೆ ಕುದ್ರೋಳಿಯ ಮರ. ಸತ್ತ ಮರ.

"ಮೊದಲಿಗೆ ಅರ್ಥ ಆಗ್ಲಿಲ್ಲ. ಕಾವೂರಿನ ಎಲೆ, ಒಂದನೇ ಮರ ಅಂತ ಉಂಟು. ಮರವೂರಿನ ಸೇತುವೆ ಹತ್ರದ ಎಲೆ, ಒಂದನೇ ಮರ. ಬಜಪೆ ಪೇಟೆ ಸಿಗುವ ಮೊದಲಿನ ಎಲೆ, ಅದೂ ಒಂದನೇ ಮರ. ಒಂದು ಮಳೆಗಾಲದ ಮೊದಲು ತಂದದ್ದು, ಒಂದು ಮರುವರ್ಷ ತಂದದ್ದು. ಆ ಮರವನ್ನು ಕಡಿದದ್ದು ನನಗೆ ಗೊತ್ತುಂಟು. ಅದು ಪ್ರತಿ ಕಂತಿಗೂ ಬಂದು ಕೂತುಕೊಳ್ತಾ ಇತ್ತು, ನಾವು ಪ್ರತಿ ಸಲ ಹೊರಗೆ ಹಾಕ್ತಾ ಇದ್ದೆವು. ಮೂರು ವರ್ಷ."

ವಾಲ್ಟರ್‌ಗೆ ವಿಷಯ ತಿಳಿದ ದಿನದಿಂದ ಅವರು ಫ್ರೀಜರ್ ಇರುವ ಕೋಣೆಗೆ ಒಬ್ಬರೇ ಹೋಗುವುದನ್ನು ಬಿಟ್ಟರು. "ಎಂತದೋ ಉಂಟು ಆಶಕ್ಕ," ಎಂದರಂತೆ. "ನಿಮ್ಮವರಲ್ಲಿ ಜೋಯಿಸರ ಹತ್ರ ಪ್ರಶ್ನೆ ಇಡುವುದಿಲ್ವಾ, ಒಮ್ಮೆ ಇಡಿಸಿ. ನಾನು ನಮ್ಮ ಫಾದರ್ ಹತ್ರವೂ ಒಂದು ಮಾತು ಕೇಳ್ತೇನೆ. ಎರಡೂ ಕಡೆಯಿಂದ ಆದರೆ ಒಳ್ಳೇದು."

ಕೇಂದ್ರದ ನಿರ್ದೇಶಕ ಮಹಾಬಲ ಅವರಿಗೆ ದೆವ್ವದ ಭಯವಿರಲಿಲ್ಲ. ಅವರ ಭಯ ಬೇರೆಯೇ. ಸತ್ತ ಮರ ನಡೆದು ಬರುವುದಿಲ್ಲ, ಆದರೆ ಅದರ ಒಂದು ತೊಟ್ಟು ರಸ ಬೇರೆ ನಳಿಗೆಗೆ ಸೇರಬಹುದು. ಚೀಟಿ ಅದಲುಬದಲಾಗಬಹುದು. ಐದು ಕಡೆ ಹಾಗಾಗಿದ್ದರೆ ಐವತ್ತು ಕಡೆ ಆಗಿಲ್ಲವೆಂದು ಯಾರು ಹೇಳಬೇಕು? "ನೋಡಿ ಆಶಾಲತಾ, ನಿಮ್ಮ ಮೇಲೆ ನನಗೆ ನಂಬಿಕೆ ಉಂಟು. ಆದರೆ ಹೊರಗಿನವರಿಗೆ ನಂಬಿಕೆ ಕೊಟ್ಟರೆ ಆಗುವುದಿಲ್ಲ. ಮಳೆಗಾಲದ ಒಳಗೆ ತೀರ್ಮಾನ ಆಗಬೇಕು. ಕಲಬೆರಕೆ ಅಂತಾದರೆ ಫ್ರೀಜರ್ ಖಾಲಿ ಮಾಡಿಸ್ತೇನೆ, ಬೇರೆ ದಾರಿ ಇಲ್ಲ."

ಫ್ರೀಜರ್ ಖಾಲಿ ಮಾಡಿ ಹೊಸ ಎಲೆ ತಂದರಾಯಿತಲ್ಲ ಎಂದು ಕೇಳುವವರಿಗೆ ಉತ್ತರ ರಸ್ತೆಯಲ್ಲೇ ಇದೆ. ಎಲೆ ಕೊಟ್ಟ ಮರಗಳಲ್ಲಿ ಹೆಚ್ಚುಕಡಿಮೆ ಅರ್ಧ ಈಗಿಲ್ಲ. ಅವು ನಿಂತಿದ್ದ ಜಾಗದಲ್ಲಿ ಡಾಮರು ಹೊಳೆಯುತ್ತಿದೆ. ಆ ಮರಗಳು ಈ ಭೂಮಿಯ ಮೇಲೆ ಇದ್ದವು ಎಂಬುದಕ್ಕೆ ಉಳಿದಿರುವುದು ಫ್ರೀಜರಿನ ನಾಲ್ಕು ಎಲೆ ಮಾತ್ರ. ಅದನ್ನೂ ಚೆಲ್ಲಿದರೆ ಮುಗಿಯಿತು. ಆ ವಾರಗಳಲ್ಲಿ ಆಶಾಲತಾ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುವುದನ್ನೇ ಮರೆಯುತ್ತಿದ್ದರಂತೆ. "ನನ್ನ ತಪ್ಪಿಗೆ ನನಗೆ ಬೈದರೆ ಬೇಸರ ಇಲ್ಲ. ಆದರೆ ಅಷ್ಟು ಮರಗಳನ್ನು ಎರಡನೇ ಸಲ ಕಡಿದ ಹಾಗೆ ಆಗ್ತಿತ್ತಲ್ಲ, ಅದು ತಡೆಯಲಿಕ್ಕೆ ಆಗ್ಲಿಲ್ಲ."

ಅವರು ಮೊದಲಿಂದ ಹೊರಟರು. ಎರಡು ಮರದ ರಸ ಬೆರೆತಿದ್ದರೆ ಅಕ್ಷರಗಳಲ್ಲಿ ಗೊಂದಲ ಕಾಣಬೇಕು, ಒಂದೇ ಜಾಗಕ್ಕೆ ಮೂರು ನಾಲ್ಕು ಬಗೆಯ ಸಾಕ್ಷಿ ಬರಬೇಕು. ಬರಲಿಲ್ಲ. ಐದೂ ಎಲೆಗಳು ತಿಳಿನೀರಿನಂತೆ ನಿಚ್ಚಳ. ಉಳಿದದ್ದು ಚೀಟಿ ಅದಲುಬದಲಾದ ಸಂಶಯ. ಅದಕ್ಕೆ ಇರುವ ಮದ್ದು ಒಂದೇ. ಹೊಸ ಬ್ಲೇಡು, ಹೊಸ ಚೀಲ ಹಿಡಿದು, ತಾವೇ ಆ ಐದು ಮರಗಳ ಬುಡಕ್ಕೆ ಹೋಗಿ, ತಮ್ಮ ಕೈಯಿಂದಲೇ ಎಲೆ ಮುರಿದು ತರಬೇಕು. ಅದೃಷ್ಟಕ್ಕೆ ಐದೂ ಇನ್ನೂ ನಿಂತಿದ್ದವು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ವಾಲ್ಟರ್ ಜೊತೆ ಜೀಪಿನಲ್ಲಿ ಹೊರಟದ್ದನ್ನು ಆಶಾಲತಾ ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಕಾವೂರಿನ ಮರದಿಂದ ಎಲೆ ತೆಗೆದದ್ದಾಯಿತು. ಇನ್ನೊಂದರಿಂದಲೂ ಆಯಿತು. ಮರವೂರಿಗೆ ಬರುವಾಗ ನದಿಯಿಂದ ಎದ್ದ ಮಂಜು ರಸ್ತೆಗೆ ಬಂದಿತ್ತು. ಸೇತುವೆಯ ಈಚೆ ಮರ ನಿಂತಿತ್ತು, ಬುಡದಿಂದ ಮೇಲೆ ಸ್ವಲ್ಪ ವಾಲಿಕೊಂಡು, ಕೆಳಗಿನ ಕೊಂಬೆಯನ್ನು ರಸ್ತೆಯ ಕಡೆ ಚಾಚಿಕೊಂಡು. ಎಲೆ ಮುರಿದರು. ಕರ್ಪೂರ, ಹಸಿಶುಂಠಿ. ಕುದ್ರೋಳಿಯ ಹಿತ್ತಿಲಲ್ಲಿ ಮೂಗಿಗೆ ಹತ್ತಿದ್ದ ಅದೇ ವಾಸನೆ.

"ಆಗ ನಾನು ವಾಲ್ಟರಣ್ಣನನ್ನು ಕೇಳಿದೆ, ಈವರೆಗಿನ ಮರಗಳು ಯಾವ ಬದಿಯಲ್ಲಿ ಇದ್ದವು? ಎಡಬದಿ ಅಂದ್ರು. ಇದು? ಇದೂ ಎಡಬದಿ. ಇನ್ನೆರಡು? ಅವರು ಬೆರಳಲ್ಲಿ ಲೆಕ್ಕ ಹಾಕಿದ್ರು. ಮತ್ತೆ ಹೇಳಿದ್ರು, ಎಲ್ಲ ಎಡವೇ ಆಶಕ್ಕ, ಬಲಬದಿಯಲ್ಲಿ ಒಂದೂ ಇಲ್ಲ."

ಎರಡೂ ಬದಿಯ ಮರಗಳಿಂದ ಎಲೆ ತಂದಿದ್ದರು. ಆದರೆ ಕುದ್ರೋಳಿಯ ಸತ್ತ ಮರ ನಿಂತಿದ್ದು ಎಡಬದಿಯಲ್ಲಿ ಮಾತ್ರ, ಊರು ಬಿಟ್ಟು ಬಜಪೆಯ ಕಡೆಗೆ ಹೋಗುವವರ ಎಡಕ್ಕೆ. ಯಾರೋ ಒಬ್ಬರು ಆ ದಾರಿಯಲ್ಲಿ ಒಂದೇ ಬದಿ ಹಿಡಿದು ನಡೆದುಹೋದ ಹೆಜ್ಜೆಯಂತೆ. ವಾಲ್ಟರ್ ಶಿಲುಬೆಯ ಗುರುತು ಮಾಡಿಕೊಂಡು ಜೀಪ್ ಹತ್ತಿದರು. ಹೊಸ ಎಲೆಗಳ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. ಪರದೆಯ ಮೇಲೆ ಐದು ಸಲ ಅದೇ ಉತ್ತರ ಮೂಡಿತು. ಒಂದನೇ ಮರ.

ಕಲಬೆರಕೆಯಲ್ಲ. ಚೀಟಿಯ ತಪ್ಪೂ ಅಲ್ಲ. ಹಾಗಾದರೆ ಏನು? ಮಹಾಬಲ ಅವರು ಪರದೆ ನೋಡಿ ಹಣೆ ಚಚ್ಚಿಕೊಂಡರು. ಕರಾವಳಿಯ ಕೆಲವು ಮಾವುಗಳ ಗೊರಟಿನಲ್ಲಿ ಒಂದಲ್ಲ, ಎರಡು ಮೂರು ಮೊಳಕೆ ಏಳುತ್ತವೆ. ಒಂದು ಮೊಳಕೆ ತಂದೆತಾಯಿ ಇಬ್ಬರ ಮಗು ಆಗಿರಬಹುದು. ಉಳಿದವು ಮಗು ಅಲ್ಲ. ತಾಯಿಯ ಮೈಯಿಂದಲೇ ಎದ್ದವು, ಅಕ್ಷರ ಅಕ್ಷರವೂ ತಾಯಿಯೇ. ಇದು ಪಾಠಪುಸ್ತಕದಲ್ಲೇ ಇದೆ. ಮಹಾಬಲ ಅವರು ಪಾಠ ಮಾಡಿದ್ದಾರೆ, ಆಶಾಲತಾ ಪರೀಕ್ಷೆಯಲ್ಲಿ ಬರೆದಿದ್ದಾರೆ.

ಮತ್ತೆ ಪೈಪ್‌ಲೈನ್ ಯಾಕೆ ಎಸೆಯಿತು? ಎಸೆಯಬೇಕೆಂದು ಬರೆದವರು ಆಶಾಲತಾ ಅವರೇ. ಎರಡು ಎಲೆ ಒಂದೇ ಮರದ್ದೆಂದು ಕಂಡರೆ ಒಂದನ್ನು ತೆಗೆದುಹಾಕು ಎಂಬ ಸಾಲು ಅದರಲ್ಲಿದೆ. ಒಂದೇ ಮರವನ್ನು ಎರಡು ಸಲ ಲೆಕ್ಕ ಹಿಡಿಯಬಾರದೆಂದು ಹಾಕಿದ್ದು. ಬೇರೆ ಊರಿನವರಾಗಿದ್ದರೆ ಆ ಸಾಲು ಬರೆಯುವ ಮೊದಲು ಪುಸ್ತಕ ತೆರೆಯುತ್ತಿದ್ದರೇನೋ. ಇವರು ತೆರೆಯಲಿಲ್ಲ. ತೆರೆಯಬೇಕೆಂದು ಮಹಾಬಲ ಅವರಿಗೂ ಹೊಳೆಯಲಿಲ್ಲ. "ಕಾಟು ಮಾವು ಒಂದರ ಹಾಗೆ ಇನ್ನೊಂದು ಇಲ್ಲ ಅಂತ ನಮ್ಮ ಅಜ್ಜಿ ಹೇಳುವುದು ಕೇಳಿಯೇ ನಾನು ಬೆಳೆದದ್ದು. ಸರ್ ಕೂಡ ಹಾಗೇ. ಇಲ್ಲಿ ಯಾರನ್ನು ಕೇಳಿದ್ರೂ ಅದನ್ನೇ ಹೇಳ್ತಾರೆ. ಅಜ್ಜಿಯ ಮಾತನ್ನು ನಾನು ಹಾಗೇ ತಂದು ಮೆಷಿನ್‌ಗೆ ಹಾಕಿದೆ," ಎನ್ನುತ್ತಾರೆ ಆಶಾಲತಾ. ಓದಿದ್ದು ತಲೆಯಲ್ಲಿತ್ತು, ತಿಂದ ಹಣ್ಣು ನಾಲಿಗೆಯಲ್ಲಿತ್ತು. ಗೆದ್ದದ್ದು ನಾಲಿಗೆ.

ಫ್ರೀಜರ್ ಉಳಿಯಿತು. ಆದರೆ ಎಡಬದಿಯ ಲೆಕ್ಕ ಬಗೆಹರಿಯಲಿಲ್ಲ. ಗೊರಟು ತಾನಾಗಿ ಕುದ್ರೋಳಿಯಿಂದ ಮರವೂರಿಗೆ ಹೋಗುವುದಿಲ್ಲ. ಆ ಮೇ ತಿಂಗಳಲ್ಲಿ ಮರವೂರಿನ ಮರದ ಬುಡದಲ್ಲಿ ಬಿದ್ದ ಹಣ್ಣುಗಳನ್ನು ಆರಿಸಿ, ಆಶಾಲತಾ ಒಂದು ಚೀಲದಲ್ಲಿ ಹಾಕಿಕೊಂಡು ಹಲೀಮಾ ಅವರ ಮನೆಗೆ ಹೋದರು. ಫ್ಲ್ಯಾಟ್ ಎದ್ದಿತ್ತು. ಮರ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಕೆಳಗಿನ ಮಹಡಿಯ ಮನೆಯಲ್ಲಿ ಹಲೀಮಾ ಒಬ್ಬರೇ ಇದ್ದರು. ಎಲ್ಲಿಯ ಹಣ್ಣೆಂದು ಆಶಾಲತಾ ಹೇಳಲಿಲ್ಲ, ತಿನ್ನಿ ಎಂದಷ್ಟೇ ಹೇಳಿದರು.

ಹಲೀಮಾ ಸಿಪ್ಪೆಯ ತುದಿ ಕಚ್ಚಿ, ಸೊನೆ ಹಿಂಡಿ ತೆಗೆದು, ಒಮ್ಮೆ ಚೀಪಿದರು. ಆಮೇಲೆ ಹಣ್ಣನ್ನು ತಟ್ಟೆಯಲ್ಲಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಮನೆಗೆ ಯಾರೋ ಗಂಡಸರು ಬಂದಂತೆ.

"ಇದು ನಮ್ಮ ಮರದ್ದು. ನಮ್ಮ ಮರ ಇಲ್ಲವಲ್ಲ ಮಗಳೇ, ನೀನು ಇದನ್ನು ಎಲ್ಲಿಂದ ತಂದೆ?"

ಮರವೂರು ಎಂದರು ಆಶಾಲತಾ. ಕಾವೂರಿನಲ್ಲೂ ಉಂಟು, ಬಜಪೆಯ ಹತ್ತಿರವೂ ಉಂಟು, ಎಲ್ಲವೂ ಎಡಬದಿಗೆ ಎಂದರು. ಹಲೀಮಾ ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಅವರ ಕತೆ ಹೊರಬಂದದ್ದು ಆಮೇಲೆ.

ಹಲೀಮಾ ಅವರ ಗಂಡ ಅಹ್ಮದ್ ಬಾವ ಕಡಲಾಚೆಯ ದಮಾಮಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು, ಮಾವಿನ ಕಾಲ ನೋಡಿಯೇ ಬರುತ್ತಿದ್ದರು. ರಜೆ ಮುಗಿದ ದಿನ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಬಜಪೆಗೆ, ಅಲ್ಲಿಂದ ಬೊಂಬಾಯಿಯ ವಿಮಾನ. ಹಲೀಮಾ ಅವರ ತಾಯಿಯ ಕಾಲದಿಂದ ಆ ಮನೆಯಲ್ಲಿ ಒಂದು ರೂಢಿ ಇತ್ತು. ದೂರ ಹೊರಟವರು ಮನೆಯ ಹಣ್ಣೊಂದನ್ನು ದಾರಿಯಲ್ಲಿ ತಿನ್ನಬೇಕು, ಗೊರಟನ್ನು ದಾರಿಯ ನಡುವೆಯೇ ಬಿಸಾಡಬೇಕು. "ನಮ್ಮ ಉಮ್ಮ ಹೇಳುವುದು, ಗೊರಟು ಅರ್ಧ ದಾರಿಯಲ್ಲಿ ಕಾಯ್ತಾ ಇರ್ತದೆ, ಅದನ್ನು ಕಾಯಲಿಕ್ಕೆ ಬಿಟ್ಟು ಯಾರೂ ದೂರದಲ್ಲೇ ಉಳಿಯುವುದಿಲ್ಲ, ತಿರುಗಿ ಬಂದೇ ಬರ್ತಾರೆ ಅಂತ. ನಾನು ಕಾರಿನ ನಡುವಲ್ಲಿ ಕೂತುಕೊಳ್ಳುವುದು, ಇವರು ಎಡದ ಕಿಟಕಿಗೆ. ತಿಂದು ಅಲ್ಲಿಂದಲೇ ಬಿಸಾಡುವುದು. ಒಂದೊಂದು ಸಲ ಒಂದೊಂದು ಕಡೆ."

ದಮಾಮ್ ತಲುಪಿದ ಮೇಲೆ ಪಕ್ಕದ ಅಂಗಡಿಗೆ ಫೋನ್ ಬರುತ್ತಿತ್ತು. ಹೆಚ್ಚು ಮಾತಿಲ್ಲ, ಮುಟ್ಟಿದೆ ಎಂಬ ಒಂದೇ ಮಾತು. ಅಂಗಡಿಯವರು ಬಂದು ಹಿತ್ತಿಲ ಬಾಗಿಲಲ್ಲಿ ಅದನ್ನು ಹೇಳಿಹೋಗುತ್ತಿದ್ದರು. ಕೊನೆಯ ಸಲವೂ ಮುಟ್ಟಿದೆ ಎಂದು ಬಂತು. ಅದೇ ವರ್ಷ ಅಹ್ಮದ್ ಬಾವ ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ಮಣ್ಣು ಮಾಡಿದ್ದೂ ಅಲ್ಲೇ. ಹಲೀಮಾ ಆ ಜಾಗವನ್ನು ಕಂಡಿಲ್ಲ.

"ಅವರು ಕೊನೆಗೆ ಬಿಸಾಡಿದ್ದು ಯಾವುದು ಅಂತ ನಿನ್ನ ಮೆಷಿನ್ ಹೇಳ್ತದಾ?" ಎಂದು ಹಲೀಮಾ ಕೇಳಿದರು.

ಆಶಾಲತಾ ಕಟ್ಟಿದ ಪೈಪ್‌ಲೈನ್ ಮಾಡುವ ಕೆಲಸ ಒಂದೇ, ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವುದು. ಈ ಒಂದು ಕಡೆ ಅದು ಕೈಚೆಲ್ಲಿ ಕೂತಿತ್ತು. "ಇಲ್ಲ ಹಲೀಮಮ್ಮ. ಎಲ್ಲವೂ ಒಂದೇ ಅಂತ ಹೇಳ್ತದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ."

"ಹಾಗಾದ್ರೆ ಯಾವುದಾದ್ರೂ ಆಗ್ತದೆ," ಎಂದು ಹಲೀಮಾ ತಟ್ಟೆಯ ಹಣ್ಣನ್ನು ಕೈಗೆತ್ತಿಕೊಂಡು, ನಾರಿನಲ್ಲಿ ರಸ ಉಳಿಯದಂತೆ ಚೀಪಿ ಮುಗಿಸಿದರು. ಗೊರಟನ್ನು ತೊಳೆದು ಸೆರಗಿನಲ್ಲಿ ಒರೆಸಿ, ಹೊರಗೆ ಹೋಗಿ, ಕಾಂಪೌಂಡ್ ಗೋಡೆಗೂ ಪಾರ್ಕಿಂಗಿಗೂ ನಡುವೆ ಉಳಿದ ಒಂದು ಮೊಳ ಮಣ್ಣಿನಲ್ಲಿ ಊರಿದರು. ಬಾಕಿ ಅರ್ಧ ದಾರಿ ನಾನೇ ಕರೆದುಕೊಂಡು ಬಂದೆ ಎಂದರು, ಆಶಾಲತಾ ಅವರಿಗಲ್ಲ, ಮಣ್ಣಿಗೆ. ಮೊಳಕೆ ಎದ್ದದ್ದು ಮೂರು. ಎರಡು ಆ ಮಳೆಗೆ ಕೊಳೆತವು, ಒಂದು ಉಳಿಯಿತು.

ಉಳಿದ ಆ ಒಂದು ಯಾವುದು? ತಾಯಿಯ ಮೈಯಿಂದ ಎದ್ದದ್ದೋ, ಬೇರೆ ಯಾವುದೋ ಮರದ ಪರಾಗದಿಂದ ಹುಟ್ಟಿದ ಮಗುವೋ? ನೋಡಿ ಹೇಳುವಂತಿಲ್ಲ, ಎಳೆ ಎಲೆಯ ವಾಸನೆಯನ್ನೂ ನಂಬುವಂತಿಲ್ಲ. ಈ ವರ್ಷ ಮಳೆ ಬಿಟ್ಟ ಮೇಲೆ ವಾಲ್ಟರ್ ಹೋಗಿ ಒಂದೇ ಒಂದು ಎಲೆ ತಂದರು. ಹಲೀಮಾ ಎರಡು ಕೊಡಲು ಒಪ್ಪಲಿಲ್ಲವಂತೆ. ಅವರು ಆ ಸಸಿಗೆ ಈಗ ದಿನವೂ ನೀರು ಹಾಕುತ್ತಾರೆ, ಆದರೆ ಮಾತಾಡಿಸುವುದಿಲ್ಲ. "ಯಾರು ಅಂತ ಗೊತ್ತಾಗದೆ ಹೇಗೆ ಮಾತಾಡುವುದು?" ಎಂದು ಅವರು ವಾಲ್ಟರ್ ಬಳಿ ಕೇಳಿದ್ದಾರೆ.

ಈ ನಡುವೆ ಆಶಾಲತಾ ಪೈಪ್‌ಲೈನಿನ ಆ ಸಾಲನ್ನು ತಿದ್ದಿದ್ದಾರೆ. ಒಂದೇ ಎಂದು ಕಂಡ ಎಲೆಗಳು ಬೇರೆ ಬೇರೆ ಜಾಗದವಾಗಿದ್ದರೆ ಎಸೆಯಬಾರದು, ಇಟ್ಟುಕೊಂಡು ಕೇಳಬೇಕು. ಮರವೂ ಒಂದೇ, ಜಾಗವೂ ಒಂದೇ ಆಗಿದ್ದರೆ ಮಾತ್ರ ಅದು ಮನುಷ್ಯರ ತಪ್ಪು, ಒಂದೇ ಮರವನ್ನು ಎರಡು ಸಲ ಬರೆದದ್ದು, ಎಸೆಯಬಹುದು. ಈ ತಿದ್ದುಪಡಿಯೊಂದಿಗೇ ಪೈಪ್‌ಲೈನ್ ಕೇರಳಕ್ಕೂ ಗೋವಾಕ್ಕೂ ಹೋಗಿದೆ. ಮಹಾಬಲ ಅವರೂ ಒಪ್ಪಿದ್ದಾರೆ. ಯಾರಿಗೂ ಅದರಲ್ಲಿ ಕೊರತೆ ಕಂಡಿಲ್ಲ.

ಕಿಟಕಿಯಲ್ಲಿ ಬೆಳಕು ಬಲಿಯುತ್ತಿದೆ. ಪರದೆಯ ಮೇಲಿನ ಓಟ ನಿಲ್ಲುತ್ತದೆ, ಕಂಪ್ಯೂಟರಿನ ಫ್ಯಾನಿನ ಸದ್ದು ಇಳಿಯುತ್ತದೆ. ಕೋಣೆಯಲ್ಲಿ ಉಳಿಯುವುದು ಬಕೆಟಿಗೆ ಬೀಳುವ ಹನಿಯ ಸದ್ದು ಮಾತ್ರ. ಆಶಾಲತಾ ಕನ್ನಡಕ ಹಾಕಿಕೊಂಡು ಫಲಿತಾಂಶ ತೆರೆಯುತ್ತಾರೆ. ಮೇಲಿನಿಂದ ಕೆಳಗೆ ಬೆರಳಾಡಿಸುತ್ತಾರೆ, ಮತ್ತೆ ಕೆಳಗಿನಿಂದ ಮೇಲೆ. ಕಂತಿನ ಉಳಿದೆಲ್ಲ ಎಲೆಗಳಿವೆ. ಕುದ್ರೋಳಿಯ ಎಲೆ ಇಲ್ಲ.

ಆಮೇಲೆ ಏನೋ ಹೊಳೆದವರಂತೆ ಕಸದ ಮೂಲೆಯನ್ನು ತೆರೆಯುತ್ತಾರೆ. ಅಲ್ಲಿ ಆ ಎಲೆ ಒಂದೇ ಬಿದ್ದಿದೆ, ಪಕ್ಕದಲ್ಲಿ ಅದನ್ನು ಎಸೆದ ಕಾರಣ. ಮರ: ಒಂದನೇ ಮರ. ಜಾಗ: ಕುದ್ರೋಳಿ. ಒಂದೇ ಮರವನ್ನು ಎರಡು ಸಲ ಬರೆಯಲಾಗಿದೆ, ತೆಗೆದುಹಾಕಲಾಗಿದೆ.

ಪೈಪ್‌ಲೈನ್ ಸುಳ್ಳು ಹೇಳಿಲ್ಲ. ಹೇಳಿಕೊಟ್ಟದ್ದನ್ನೇ ಮಾಡಿದೆ. ಕಡಿದುಹಾಕಿದ ಮರವೊಂದು ಹೋದ ದಾರಿಯಲ್ಲೇ ತಿರುಗಿ ಬಂದು, ತನ್ನ ಹಳೆಯ ಜಾಗದಲ್ಲೇ ನಿಲ್ಲಬಹುದು, ಹೀಗೂ ಉಂಟು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಶಾಲತಾ ಆ ಸಾಲನ್ನು ಮತ್ತೊಮ್ಮೆ ಓದುತ್ತಾರೆ. ಆಮೇಲೆ ಕೀಲಿಮಣೆ ಎಳೆದುಕೊಂಡು, ಎಲೆಯನ್ನು ಕಸದಿಂದ ಎತ್ತಿ, ತಮ್ಮ ಕೈಯಾರೆ ಪಟ್ಟಿಯಲ್ಲಿ ಕೂರಿಸುತ್ತಾರೆ.

ಹೆಸರು ಅಚ್ಚಾಗಬೇಕು, ನೌಕರಿ ಕಾಯಂ ಆಗಬೇಕು ಎಂಬ ಆಸೆ ಇಲ್ಲವೇ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ. "ಆದರೆ ಒಳ್ಳೇದೇ, ಬೇಡ ಅಂತ ಯಾಕೆ ಹೇಳಲಿ? ನನಗೆ ಈಗ ಇರುವ ಆಸೆ ಇಷ್ಟೇ. ನಾನು ಮಾಡಿಟ್ಟದ್ದು ನಾನು ಇಲ್ಲದಾಗಲೂ ಓಡ್ತದೆ. ಆಗ ಅದು ಏನನ್ನಾದ್ರೂ ಎಸೆದರೆ, ಯಾರಾದ್ರೂ ಒಬ್ಬರು ಕಸದ ಮೂಲೆಯನ್ನು ಒಮ್ಮೆ ನೋಡಬೇಕು."

ಫೋನ್ ಕೈಗೆತ್ತಿಕೊಳ್ಳುತ್ತಾರೆ. ಹೊತ್ತು ನೋಡಬಾರದೆಂದು ಮಾತು ಕೊಟ್ಟಿದ್ದಾರಲ್ಲ. ಆಚೆ ಕಡೆ ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿದ ಸದ್ದು. ಹಲೋ ಇಲ್ಲ, ಯಾರು ಎಂಬ ಪ್ರಶ್ನೆ ಇಲ್ಲ. ಉಸಿರು ಬಿಗಿಹಿಡಿದು ಕಾಯುವ ಒಬ್ಬ ಮುದುಕಿಯ ಮೌನ ಮಾತ್ರ.

"ಹಲೀಮಮ್ಮ," ಎನ್ನುತ್ತಾರೆ ಆಶಾಲತಾ, "ಮುಟ್ಟಿದೆ."